ಕೆಟ್ಟದ್ದು ಬಾಗಿಲು, ಉಗ್ರಾಣವಲ್ಲ: ಕಿನೀಸಿಸ್ ನಿಂತ ಹದಿನೇಳು ಗಂಟೆ

ಯಂತ್ರ ಮುನಿಸಿಕೊಂಡರೆ ಆಫ್ ಮಾಡಿ ಆನ್ ಮಾಡು ಎನ್ನುವುದು ನಮ್ಮ ವೃತ್ತಿಯ ಮೊದಲ ಮನೆಮದ್ದು. ನಗುವ ಹಾಗಿಲ್ಲ, ಬಹಳ ಸಲ ಅದು ಕೆಲಸವನ್ನೂ ಮಾಡುತ್ತದೆ. 2020ರ ನವೆಂಬರ್ 25ರಂದು, ಕಂಪ್ಯೂಟರ್ ಸೇವೆಗಳನ್ನು ಬಾಡಿಗೆಗೆ ಕೊಡುವ ಅಮೆಜಾನ್ ವೆಬ್ ಸರ್ವಿಸಸ್‌ನ ಕಿನೀಸಿಸ್ ಎಂಬ ಸೇವೆ ನಿಂತಾಗ, ಅಲ್ಲಿನ ಎಂಜಿನಿಯರುಗಳೂ ಕೊನೆಗೆ ಮಾಡಿದ್ದು ಅದನ್ನೇ. ಆದರೆ ಆನ್ ಮಾಡಿ ಮುಗಿಸುವುದಕ್ಕೆ ಅವರಿಗೆ ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯಿತು.

ಆ ದಿನದ ಗಡಿಯಾರ ಹೀಗಿದೆ. ಅಮೆರಿಕದ ಪೆಸಿಫಿಕ್ ಸಮಯ ಬೆಳಗ್ಗೆ 5:15ಕ್ಕೆ ಮೊದಲ ಅಲಾರಾಂ. 9:39ಕ್ಕೆ ಮೂಲ ಕಾರಣ ಖಚಿತ. 10:07ಕ್ಕೆ ಮರುಪ್ರಾರಂಭಗೊಂಡ ಮೊದಲ ಕಂತಿನ ಸರ್ವರ್‌ಗಳು ಕೆಲಸಕ್ಕೆ. ರಾತ್ರಿ 10:23ಕ್ಕೆ ಎಲ್ಲವೂ ಸಹಜ. ರೋಗ ಏನೆಂದು ತಿಳಿಯಲು 4 ಗಂಟೆ 24 ನಿಮಿಷ; ರೋಗಿಯನ್ನು ಎಬ್ಬಿಸಿ ಕೂರಿಸಲು ಅದರ ಸುಮಾರು ಮೂರರಷ್ಟು. ಅಮೆಜಾನ್ ಪ್ರಕಟಿಸಿದ ವರದಿಯನ್ನು ನಾನು ಇಷ್ಟು ಸಲ ಓದಿರುವುದು ಆ ಎರಡನೆಯ ಅಂಕಿಗಾಗಿ. ದತ್ತಾಂಶ ಹರಿಯುವ ಪೈಪ್‌ಲೈನ್ ಬೀಳದಂತೆ ನೋಡಿಕೊಳ್ಳಲು ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಬಿದ್ದದ್ದು ಏಳಲು ಎಷ್ಟು ಹೊತ್ತು ಬೇಕು, ಏಳುವಾಗ ಅದು ಏನನ್ನು ತಿನ್ನುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ.

ಮೊದಲ ಅಲಾರಾಂ ಹೊಡೆದಾಗ ಭಾರತದಲ್ಲಿ ಸಂಜೆ 6:45. ನಿವಾರ್ ಚಂಡಮಾರುತ ಪುದುಚೇರಿಯ ಕಡೆಗೆ ಬರುತ್ತಿದ್ದ ದಿನ. ಕೋವಿಡ್ ಕಾಲ, ಎಲ್ಲರೂ ಮನೆಯಿಂದಲೇ ಕೆಲಸ. ಕೆಟ್ಟದ್ದು ಉತ್ತರ ವರ್ಜೀನಿಯಾದ ಯುಎಸ್ ಈಸ್ಟ್-1 ವಲಯ, ಅಂದರೆ ಅಮೆಜಾನ್‌ನ ಅಲ್ಲಿನ ಕಂಪ್ಯೂಟರ್ ಕೇಂದ್ರಗಳ ಗುಂಪು. ಮುಂಬೈ ವಲಯಕ್ಕೆ ಏನೂ ಆಗಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಗ್ರಾಹಕರ ದತ್ತಾಂಶ ಕಾಯುವವರಿಗೆ ಮುಂಬೈಗಿಂತ ವರ್ಜೀನಿಯಾವೇ ಹತ್ತಿರ. ಮರುದಿನ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಅದರ ಮರುದಿನ ಅಲ್ಲಿನ ಅಂಗಡಿಗಳಿಗೆ ವರ್ಷದ ದೊಡ್ಡ ವ್ಯಾಪಾರ. ನಿಲ್ಲುವುದಕ್ಕೆ ಇದಕ್ಕಿಂತ ಕೆಟ್ಟ ವಾರ ಸಿಗುವುದು ಕಷ್ಟ.

ಸಂಗತಿಯ ಒಡಲು

ಕಿನೀಸಿಸ್ ಎಂದರೆ ಹರಿಯುವ ದತ್ತಾಂಶಕ್ಕೆ ಅಮೆಜಾನ್ ಕಟ್ಟಿದ ಕಾಲುವೆ. ಒಂದು ಕಡೆಯಿಂದ ಸಾವಿರಾರು ಯಂತ್ರಗಳು ಕ್ಲಿಕ್, ಆರ್ಡರ್, ಲಾಗ್, ಅಳತೆ ಹೀಗೆ ಏನೇನೋ ದಾಖಲೆಗಳನ್ನು ಹಾಕುತ್ತಲೇ ಇರುತ್ತವೆ. ಇನ್ನೊಂದು ಕಡೆಯಿಂದ ಬೇರೆ ಯಂತ್ರಗಳು ಅವನ್ನು ಬಂದ ಕ್ರಮದಲ್ಲೇ ಓದಿಕೊಳ್ಳುತ್ತವೆ. ಇಂಥ ಪ್ರತಿ ಹರಿವು, ಎಂದರೆ ಸ್ಟ್ರೀಮ್, ಶಾರ್ಡ್ ಎಂಬ ಹಲವು ಕವಲುಗಳಾಗಿ ಹಂಚಿಕೊಂಡಿರುತ್ತದೆ; ಕ್ರಮ ಉಳಿಯುವುದು ಒಂದೊಂದು ಶಾರ್ಡ್‌ನ ಒಳಗೆ. ದಾಖಲೆಯ ಜೊತೆ ಬರುವ ಪಾರ್ಟಿಶನ್ ಕೀ ಎಂಬ ಗುರುತುಪದವನ್ನು ಎಂಡಿ5 ಎಂಬ ಗಣಿತ ಸೂತ್ರಕ್ಕೆ ಹಾಕಿ, ಬಂದ 128 ಬಿಟ್ ಸಂಖ್ಯೆ ಯಾರ ಪಾಲಿಗೆ ಬರುತ್ತದೋ ಆ ಶಾರ್ಡ್‌ಗೆ ದಾಖಲೆ ಹೋಗುತ್ತದೆ.

ಒಳಗೆ ಎರಡು ಪದರ. ದತ್ತಾಂಶವನ್ನು ಇಟ್ಟುಕೊಳ್ಳುವ ಹಿಂದಿನ ಪದರ ಹಲವು ಪ್ರತ್ಯೇಕ ಗುಂಪುಗಳಾಗಿ ಒಡೆದುಕೊಂಡಿದೆ. ಒಂದು ಗುಂಪು ಕೆಟ್ಟರೆ ಪಕ್ಕದ್ದಕ್ಕೆ ತಾಗದು. ಅದನ್ನು ಉಗ್ರಾಣ ಎನ್ನೋಣ. ಮುಂದಿನ ಪದರದ್ದು ದ್ವಾರಪಾಲಕನ ಕೆಲಸ: ಬಂದವರು ಯಾರೆಂದು ನೋಡುವುದು, ಮಿತಿ ಮೀರಿದವರನ್ನು ತಡೆಯುವುದು, ಉಳಿದವರನ್ನು ಸರಿಯಾದ ಉಗ್ರಾಣಕ್ಕೆ ಕಳುಹಿಸುವುದು. ಸಾವಿರಾರು ಸರ್ವರ್‌ಗಳ ಈ ಮುಂಬಾಗಿಲು ಗುಂಪುಗಳಾಗಿ ಒಡೆದಿರಲಿಲ್ಲ. ಇಡೀ ವಲಯಕ್ಕೆ ಒಂದೇ.

ದಾರಿ ತೋರಿಸಬೇಕಾದರೆ ನಕ್ಷೆ ಬೇಕು. ಯಾವ ಶಾರ್ಡ್ ಯಾವ ಗುಂಪಿನಲ್ಲಿದೆ ಎನ್ನುವ ನಕ್ಷೆಯನ್ನು ಪ್ರತಿ ಸರ್ವರ್ ಆಗ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತಿತ್ತು. ಅದಕ್ಕೆ ಬೇಕಾದ ಮಾಹಿತಿಯಲ್ಲಿ ಸ್ವಲ್ಪ ಬೇರೊಂದು ಸಣ್ಣ ಸೇವೆಯಿಂದ, ಸ್ವಲ್ಪ ಡೈನಮೊಡಿಬಿ ಎಂಬ ಅಮೆಜಾನ್‌ನ ಡೇಟಾಬೇಸ್‌ನಿಂದ, ಉಳಿದದ್ದು ಅಕ್ಕಪಕ್ಕದ ಮುಂಬಾಗಿಲು ಸರ್ವರ್‌ಗಳ ಬಾಯಿಂದ. ಕೊನೆಯದಕ್ಕಾಗಿ ಪ್ರತಿ ಸರ್ವರ್ ತನ್ನ ಜೊತೆಗಿರುವ ಉಳಿದ ಪ್ರತಿಯೊಂದು ಸರ್ವರ್‌ಗೂ ಒಂದೊಂದು ಥ್ರೆಡ್, ಎಂದರೆ ಯಂತ್ರದೊಳಗೆ ಬೇರೆಯಾಗಿ ನಡೆಯುವ ಕೆಲಸದ ಎಳೆ, ತೆರೆದಿಟ್ಟುಕೊಳ್ಳುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮದುವೆ ಮನೆಗೆ ಬಂದ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರನ್ನೂ ಮಾತನಾಡಿಸಲೇಬೇಕು ಎಂದಿಟ್ಟುಕೊಳ್ಳಿ. ಹೊಸದಾಗಿ ಹತ್ತು ಜನ ಒಳಬಂದರೆ ಕೆಲಸ ಹೆಚ್ಚುವುದು ಆ ಹತ್ತು ಜನರಿಗೆ ಮಾತ್ರವಲ್ಲ, ಊಟಕ್ಕೆ ಕುಳಿತಿದ್ದವರಿಗೆಲ್ಲ ಇನ್ನೂ ಹತ್ತು ಮಾತು. ಹೊರೆ ಇಳಿಸಲೆಂದು ಸರ್ವರ್ ಸೇರಿಸಿದರೆ ಹಳೆಯ ಸರ್ವರ್‌ಗಳ ಮೇಲೆ ಹೊಸ ಹೊರೆ ಬೀಳುವ ವಿನ್ಯಾಸ ಇದು. ಒಂದು ಸರ್ವರ್ ಎಷ್ಟು ಥ್ರೆಡ್ ತೆರೆಯಬಹುದು ಎಂಬುದಕ್ಕೆ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಮಿತಿಯಿತ್ತು. ಸರ್ವರ್‌ಗಳ ಸಂಖ್ಯೆ ವರ್ಷಗಳಿಂದ ಬೆಳೆಯುತ್ತ ಬಂದು ಆ ಮಿತಿಯ ಹೊಸ್ತಿಲಿಗೆ ಬಂದು ನಿಂತಿತ್ತು. ಅದನ್ನು ಅಳೆಯುವ ಅಲಾರಾಂ ಇರಲಿಲ್ಲ.

ಆ ಬೆಳಗ್ಗೆ

ಬೆಳಗ್ಗೆ 2:44ಕ್ಕೆ ಸ್ವಲ್ಪ ಹೊಸ ಸಾಮರ್ಥ್ಯ ಸೇರಿಸುವ ಕೆಲಸ ಶುರುವಾಗಿ 3:47ಕ್ಕೆ ಮುಗಿಯಿತು. ದಿನನಿತ್ಯದ ಕೆಲಸ. ಹೊಸಬರು ಬಂದಿದ್ದಾರೆಂದು ಹಳೆಯ ಸರ್ವರ್‌ಗಳಿಗೆ ಗೊತ್ತಾಗಲು ಒಂದು ಗಂಟೆಯವರೆಗೆ ಬೇಕಾಗುತ್ತಿತ್ತು. ಹಾಗಾಗಿ ಕೆಲಸ ಮುಗಿದ ಮೇಲೂ ಸುಮಾರು ಒಂದೂವರೆ ಗಂಟೆ ಎಲ್ಲ ಸರಿಯಿರುವಂತೆ ಕಾಣಿಸಿ, 5:15ಕ್ಕೆ ದಾಖಲೆ ಹಾಕುವವರಿಗೂ ಓದುವವರಿಗೂ ಒಟ್ಟಿಗೆ ದೋಷಗಳು ಬರತೊಡಗಿದವು. ಥ್ರೆಡ್‌ಗಳ ಮಿತಿ ದಾಟಿತ್ತು. ನಕ್ಷೆ ಕಟ್ಟುವ ಕೆಲಸ ಅರ್ಧಕ್ಕೇ ಮುರಿದು ಬೀಳುತ್ತಿತ್ತು. ನಕ್ಷೆ ಇಲ್ಲದ ದ್ವಾರಪಾಲಕ ಬಂದವರನ್ನು ಎಲ್ಲಿಗೆ ಕಳುಹಿಸಬೇಕು?

ಬದಲಾವಣೆಗೂ ದೋಷಕ್ಕೂ ನಡುವೆ ಹೀಗೆ ಗಂಟೆಗಳ ಅಂತರವಿದ್ದಾಗ ಪತ್ತೇದಾರಿ ಕಷ್ಟ. ಅನುಮಾನ ಹೊಸ ಸರ್ವರ್‌ಗಳ ಮೇಲೆ ಹೋಗಿತ್ತು, ನಿಜ. ಆದರೆ ಅವಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ದೋಷಗಳೂ ಸಾಕಷ್ಟಿದ್ದವು. ಯಾವುದು ಬೇರು, ಯಾವುದು ಕೊಂಬೆ ಎಂದು ಬಿಡಿಸಬೇಕಿತ್ತು. ಬಿಡಿಸುತ್ತಿರುವಾಗಲೇ ಮುನ್ನೆಚ್ಚರಿಕೆಯಾಗಿ ಹೊಸದನ್ನು ತೆಗೆಯುವುದನ್ನೂ ಶುರುಮಾಡಿದರು. ಬೆಳಗ್ಗೆ 7:51ರ ಹೊತ್ತಿಗೆ ಒಂದು ಮಾತು ಸ್ಪಷ್ಟವಾಗಿತ್ತು: ಕಾರಣ ಯಾವುದೇ ಇರಲಿ, ಮುಂಬಾಗಿಲಿನ ಎಲ್ಲ ಸರ್ವರ್‌ಗಳನ್ನೂ ರೀಸ್ಟಾರ್ಟ್ ಮಾಡದೆ ವಿಧಿಯಿಲ್ಲ.

9:39ಕ್ಕೆ ಥ್ರೆಡ್ ಮಿತಿಯೇ ಕಾರಣವೆಂದು ಖಚಿತವಾಯಿತು. ಮಿತಿಯ ಅಂಕಿಯನ್ನು ಹೆಚ್ಚಿಸಿಬಿಟ್ಟರೆ ಆಗುತ್ತಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅವರು ಅದನ್ನು ಮಾಡಲಿಲ್ಲ. ಪರೀಕ್ಷೆ ಮಾಡದ ಅಂಕಿಯನ್ನು ಸಾವಿರಾರು ಸರ್ವರ್‌ಗಳ ಮೇಲೆ, ಅದೂ ಅವು ಬಿದ್ದಿರುವಾಗ, ಹೇರುವುದು ಬೇಡ ಎಂದು ನಿರ್ಧರಿಸಿದರು. ಸೇರಿಸಿದ್ದನ್ನು ಅಷ್ಟರಲ್ಲಿ ತೆಗೆದಾಗಿತ್ತು, ಥ್ರೆಡ್‌ಗಳ ಸಂಖ್ಯೆ ಮಿತಿಯೊಳಗೆ ಬಂದಿತ್ತು, ಅಷ್ಟು ಸಾಕು. ಇಡೀ ದಿನದ ಅತಿ ಜಾಣ ತೀರ್ಮಾನ ಇದೇ ಎಂದು ನನ್ನ ಅಭಿಪ್ರಾಯ. ಗಾಬರಿಯಲ್ಲಿ ಮಾಡಿದ ಎರಡನೆಯ ಬದಲಾವಣೆ ಮೊದಲನೆಯದಕ್ಕಿಂತ ದುಬಾರಿಯಾದದ್ದನ್ನು ನಾನೇ ಬೇಕಾದಷ್ಟು ಕಂಡಿದ್ದೇನೆ.

ಕರೆಂಟ್ ಬಂದಾಗ ಸುಡುವ ಟಿಸಿ

ಹಾಗಾದರೆ ಎಲ್ಲ ಸರ್ವರ್‌ಗಳನ್ನೂ ಒಮ್ಮೆಗೇ ರೀಸ್ಟಾರ್ಟ್ ಮಾಡಬಹುದಿತ್ತಲ್ಲ?

ಪಂಪ್‌ಸೆಟ್ ಇರುವ ರೈತರಿಗೆ ಇದರ ಉತ್ತರ ಗೊತ್ತು. ಕರೆಂಟ್ ಹೋಗಿ ಗಂಟೆಗಟ್ಟಲೆ ಆದ ಮೇಲೆ ಬಂದಾಗ, ಆಟೊ ಸ್ಟಾರ್ಟರ್ ಹಾಕಿದ ಮೋಟಾರ್‌ಗಳೆಲ್ಲ ಒಂದೇ ಕ್ಷಣಕ್ಕೆ ಎದ್ದು ಕೂರುತ್ತವೆ. ತಿರುಗುತ್ತಿರುವ ಮೋಟಾರ್ ಎಳೆಯುವುದಕ್ಕಿಂತ ಏಳುತ್ತಿರುವ ಮೋಟಾರ್ ಎಳೆಯುವ ಕರೆಂಟ್ ಹಲವು ಪಟ್ಟು ಹೆಚ್ಚು. ದಿನವಿಡೀ ಅದೇ ಮೋಟಾರ್‌ಗಳನ್ನು ಸಲಹುತ್ತಿದ್ದ ಟಿಸಿ, ಅದೇ ಟ್ರಾನ್ಸ್‌ಫಾರ್ಮರ್, ಆ ಒಂದು ಕ್ಷಣಕ್ಕೆ ಸುಟ್ಟು ಹೋಗುತ್ತದೆ.

ಕಿನೀಸಿಸ್‌ನಲ್ಲೂ ಹೀಗೆಯೇ. ಎದ್ದ ಸರ್ವರ್‌ನ ತಲೆ ಖಾಲಿ. ಮೊದಲು ಇಡೀ ನಕ್ಷೆಯನ್ನು ಕಟ್ಟಿಕೊಳ್ಳಬೇಕು. ನಕ್ಷೆ ಕಟ್ಟಲು ಬೇಕಾದ ಸಂಪನ್ಮೂಲವೂ ಬಂದ ಕೋರಿಕೆಗಳನ್ನು ನೋಡಿಕೊಳ್ಳಲು ಬೇಕಾದ ಸಂಪನ್ಮೂಲವೂ ಒಂದೇ. ಬಾಗಿಲಲ್ಲಿ ಗಂಟೆಗಳಿಂದ ಕಾದವರ ನೂಕುನುಗ್ಗಲು ಬೇರೆ. ಅವಸರದಲ್ಲಿ ಎಲ್ಲರನ್ನೂ ಎಬ್ಬಿಸಿದರೆ ಎರಡು ಕೆಲಸಗಳ ನಡುವೆ ಸಿಕ್ಕ ಸರ್ವರ್ ನಿಧಾನವಾಗುತ್ತದೆ. ನಿಧಾನವಾದದ್ದನ್ನು ನೋಡಿದ ಆರೋಗ್ಯ ತಪಾಸಣೆ ಇದು ಸತ್ತಿದೆ ಎಂದು ತೀರ್ಮಾನಿಸಿ ಗುಂಪಿನಿಂದ ಕಿತ್ತು ಹಾಕುತ್ತದೆ. ಕಿತ್ತಾಗ ಉಳಿದವರ ಮೇಲೆ ಹೊರೆ ಇನ್ನಷ್ಟು. ಅವೂ ನಿಧಾನ, ಅವೂ ಹೊರಗೆ. ಕಾಯಿಲೆ ವಾಸಿಯಾದ ರೋಗಿಯನ್ನು ತಪಾಸಣೆಯೇ ಕೊಲ್ಲುವ ಪರಿ ಇದು.

ಆದ್ದರಿಂದ ಗಂಟೆಗೆ ಕೆಲವು ನೂರು ಸರ್ವರ್‌ಗಳನ್ನಷ್ಟೇ ಸೇರಿಸಲು ಸಾಧ್ಯವಾಯಿತು. ಸಾವಿರಾರು ಸರ್ವರ್‌ಗಳನ್ನು ಗಂಟೆಗೆ ಕೆಲವು ನೂರರಂತೆ ಎಬ್ಬಿಸಿದರೆ ಎಷ್ಟು ಹೊತ್ತಾಗುತ್ತದೆ ಎಂಬುದು ಶಾಲೆಯ ಭಾಗಾಕಾರ. ಅದನ್ನು ಯಾರಾದರೂ ಹಿಂದಿನ ವರ್ಷ ಒಂದು ಹಾಳೆಯ ಮೇಲೆ ಮಾಡಿದ್ದರೆ, ಇಡೀ ಬಾಗಿಲು ಬಿದ್ದರೆ ಅರ್ಧ ದಿನ ಹೋಗುತ್ತದೆ ಎಂಬುದು ಬೀಳುವ ಮೊದಲೇ ಗೊತ್ತಿರುತ್ತಿತ್ತು. ನಕ್ಷೆಯನ್ನು ಅಕ್ಕಪಕ್ಕದವರಿಂದ ಕೇಳಿ ತಿಳಿಯುವ ಬದಲು ಅಧಿಕೃತ ಮೂಲದಿಂದಲೇ ನೇರವಾಗಿ ತರಿಸಿಕೊಳ್ಳುವಂತೆ ಬದಲಾಯಿಸಿದ್ದೂ ಏಳುವ ಈ ಹಂತದಲ್ಲಿಯೇ. ಅಕ್ಕಪಕ್ಕದವರ ತಲೆಯೂ ಖಾಲಿಯಿರುವಾಗ ಅವರನ್ನು ಕೇಳಿ ಏನು ಪ್ರಯೋಜನ? ಮಧ್ಯಾಹ್ನದಿಂದ ದೋಷಗಳು ಒಂದೇ ಸಮನೆ ಇಳಿಯುತ್ತ ಹೋದವು. ಕೊನೆಯ ಕಂತು ಮುಗಿದು ಎಲ್ಲ ಸರಿಯಾದಾಗ ಬೆಂಗಳೂರಿನಲ್ಲಿ ಮರುದಿನದ 11:53, ಊಟದ ಹೊತ್ತಿಗೆ ಹತ್ತಿರ.

ಮೂಗಿಗಿಂತ ಮೂಗುತಿ ಭಾರ

ಕಿನೀಸಿಸ್ ಒಂದೇ ನಿಂತಿದ್ದರೆ ಅಷ್ಟು ಜನ ಬೊಬ್ಬೆ ಹಾಕುತ್ತಿರಲಿಲ್ಲ. ಅಮೆಜಾನ್‌ನ ಇತರ ಸೇವೆಗಳೂ ಒಳಗೊಳಗೇ ಇದೇ ಕಾಲುವೆಯ ನೀರು ಕುಡಿಯುತ್ತಿದ್ದವು.

ಲಾಗಿನ್ ನೋಡಿಕೊಳ್ಳುವ ಕಾಗ್ನಿಟೊವನ್ನು ನೋಡಿ. ತನ್ನನ್ನು ಯಾರು ಹೇಗೆ ಬಳಸುತ್ತಿದ್ದಾರೆ ಎಂದು ತಿಳಿಯಲು ಅದು ಬಳಕೆಯ ಮಾಹಿತಿಯನ್ನು ಕಿನೀಸಿಸ್‌ಗೆ ಕಳುಹಿಸುತ್ತಿತ್ತು. ಅದು ಇಲ್ಲದಿದ್ದರೂ ಲಾಗಿನ್ ನಡೆಯಬೇಕು, ಆದ್ದರಿಂದ ನಡುವೆ ಬಫರ್, ಎಂದರೆ ತಾತ್ಕಾಲಿಕವಾಗಿ ಕೂಡಿಡುವ ಜಾಗ, ಇಟ್ಟಿದ್ದರು. ಆ ಬಫರ್‌ನ ಕೋಡ್‌ನಲ್ಲಿ ಯಾರ ಕಣ್ಣಿಗೂ ಬೀಳದೆ ಒಂದು ದೋಷ ಮಲಗಿತ್ತು. ಕಿನೀಸಿಸ್ ಬಹಳ ಹೊತ್ತು ಸಿಗದೇ ಹೋದಾಗ ಬಫರ್ ತುಂಬಿ, ಲಾಗಿನ್ ಮಾಡಿಸಬೇಕಾದ ವೆಬ್ ಸರ್ವರ್‌ಗಳೇ ಬಫರ್‌ನಲ್ಲಿ ಜಾಗ ಸಿಗಲಿ ಎಂದು ಕಾಯುತ್ತ ನಿಂತುಬಿಟ್ಟವು. ಅಲಂಕಾರಕ್ಕೆಂದು ಇಟ್ಟದ್ದು ಉಸಿರು ಕಟ್ಟಿಸಿತು.

ಲ್ಯಾಂಬ್ಡಾದ ಕಥೆಯೂ ಇದರ ಅಕ್ಕನ ಮಗಳೇ. ಫಂಕ್ಷನ್ ಎಂಬ ಗ್ರಾಹಕರ ಸಣ್ಣ ಕೋಡ್‌ಗಳನ್ನು ಓಡಿಸುವ ಸೇವೆ ಅದು; ಪ್ರತಿ ಓಟದ ಅಂಕಿಅಂಶಗಳನ್ನು, ಸೇವೆಗಳ ಮೇಲೆ ಕಣ್ಣಿಡುವ ಕ್ಲೌಡ್‌ವಾಚ್‌ಗೆ ಕೊಡುತ್ತದೆ. ಕ್ಲೌಡ್‌ವಾಚ್ ಕಿನೀಸಿಸ್‌ನ ಮೇಲೆ ನಿಂತಿತ್ತು. ಕ್ಲೌಡ್‌ವಾಚ್ ಸಿಗದಾಗ ಅಂಕಿಗಳನ್ನು ಆಯಾ ಯಂತ್ರದಲ್ಲೇ ಕೂಡಿಟ್ಟುಕೊಳ್ಳುವ ವ್ಯವಸ್ಥೆಯಿತ್ತು. 6:15ರಿಂದ ಕೂಡಿಟ್ಟದ್ದು ಬೆಳೆದು ಯಂತ್ರದ ಮೆಮೊರಿಯನ್ನು ತಿನ್ನತೊಡಗಿ ಗ್ರಾಹಕರ ಫಂಕ್ಷನ್‌ಗಳೇ ದೋಷ ಕೊಡತೊಡಗಿದವು. ಅದನ್ನು ತಹಬಂದಿಗೆ ತರುವಾಗ 10:36.

ಕ್ಲೌಡ್‌ವಾಚ್‌ನ ಅಲಾರಾಂಗಳು ಕೆಂಪಾಗಲಿಲ್ಲ, ಹಸಿರಾಗಿಯೂ ಉಳಿಯಲಿಲ್ಲ. ‘ಇನ್‌ಸಫಿಶಿಯೆಂಟ್ ಡೇಟಾ’ ಎಂಬ ಬೂದು ಬಣ್ಣಕ್ಕೆ ಹೋದವು. ಗ್ರಾಫ್‌ನ ಗೆರೆ ಕುಸಿದರೆ ಎದೆ ಧಸಕ್ಕೆನ್ನುತ್ತದೆ. ಗೆರೆ ಸುಮ್ಮನೆ ಮುಗಿದುಹೋದರೆ ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ. ಓದುವವರು ಎಷ್ಟು ಹಿಂದೆ ಬಿದ್ದಿದ್ದಾರೆಂದು ಹೇಳುವ ಇಟರೇಟರ್ ಏಜ್ ಎಂಬ ಅಳತೆ ಇರುವುದೂ ಕ್ಲೌಡ್‌ವಾಚ್‌ನಲ್ಲೇ. ಅಗತ್ಯವಿದ್ದ ದಿನ ಅದೇ ಕುರುಡು. ಸೇವೆಗಳ ಸ್ಥಿತಿಯನ್ನು ಲೋಕಕ್ಕೆ ತಿಳಿಸುವ ಫಲಕಕ್ಕೆ ಬರೆಯುವ ಉಪಕರಣವೂ ಕಾಗ್ನಿಟೊ ಮೂಲಕ ಲಾಗಿನ್ ಕೇಳುತ್ತಿತ್ತು. ಬದಲಿ ಉಪಕರಣ ಇತ್ತು, ಕೆಲಸವನ್ನೂ ಮಾಡಿತು, ಆದರೆ ಅದನ್ನು ಬಳಸಿ ರೂಢಿಯಿಲ್ಲದ ಸಿಬ್ಬಂದಿಗೆ ಮೊದಲ ಹೊತ್ತಿನಲ್ಲಿ ತಡವಾಯಿತು. ಬದಲಿ ಬೀಗದ ಕೈ ಮನೆಯಲ್ಲಿದೆ, ಎಲ್ಲಿದೆ ಎಂಬುದು ಅಜ್ಜಿಗೆ ಮಾತ್ರ ಗೊತ್ತು ಎನ್ನುವ ಹಾಗೆ.

ನಮ್ಮ ಕಾಲುವೆಗೆ ಹಿಡಿದ ಕನ್ನಡಿ

ಇಲ್ಲಿಯವರೆಗೆ ಅಮೆಜಾನ್‌ನ ಕಥೆ. ಬೇರೆಯವರ ಪೋಸ್ಟ್‌ಮಾರ್ಟಮ್ ಓದಿ ತಲೆ ಆಡಿಸಿ ಮುಚ್ಚಿಡುವುದು ಸುಲಭ. ನಾವು ಆ ವರದಿಯನ್ನು ಮುಂದಿಟ್ಟುಕೊಂಡು ನಮ್ಮದೇ ಪೈಪ್‌ಲೈನ್‌ನ ಮುಂದೆ ಕುಳಿತೆವು. ಪ್ರಶ್ನೆ ಒಂದೇ: ಕಾಲುವೆ ಹದಿನೇಳು ಗಂಟೆ ನಿಂತರೆ ನಮ್ಮ ದಾಖಲೆಗಳು ಎಲ್ಲಿರುತ್ತವೆ?

ಮೊದಲ ಉತ್ತರವೇ ಮುಖಕ್ಕೆ ಹೊಡೆದಂತಿತ್ತು: ಎಲ್ಲೂ ಇರುವುದಿಲ್ಲ. ಕಳುಹಿಸುವುದಕ್ಕೆ ನಾವು ಬಳಸುತ್ತಿದ್ದ ಕಿನೀಸಿಸ್ ಪ್ರೊಡ್ಯೂಸರ್ ಲೈಬ್ರರಿ ಎಂಬ ಸಿದ್ಧ ಕೋಡ್ ದಾಖಲೆಗಳನ್ನು ಮೆಮೊರಿಯಲ್ಲಿ ಕೂಡಿಟ್ಟು ಕಂತುಕಂತಾಗಿ ಕಳುಹಿಸುತ್ತದೆ, ಸೋತರೆ ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಹೊತ್ತು? ರೆಕಾರ್ಡ್ ಟಿಟಿಎಲ್ ಎಂಬ ಸೆಟ್ಟಿಂಗ್ ಹೇಳಿದಷ್ಟು, ನಾವು ಬದಲಿಸದಿದ್ದರೆ ಅದು 30 ಸೆಕೆಂಡು. ಅಷ್ಟರೊಳಗೆ ಹೋಗದ ದಾಖಲೆಯನ್ನು ಅದು ‘ವಿಫಲ’ ಎಂದು ನಮ್ಮ ಕೋಡ್‌ಗೆ ಮರಳಿಸಿ ಕೈತೊಳೆದುಕೊಳ್ಳುತ್ತದೆ. ಲೈಬ್ರರಿಯದು ತಪ್ಪಲ್ಲ, ಕೊಟ್ಟ ಮಾತಿನಂತೆ ನಡೆದಿದೆ. ನಮ್ಮ ಕೋಡ್ ಏನು ಮಾಡುತ್ತಿತ್ತು? ಒಂದು ಸಾಲಿನ ಲಾಗ್ ಬರೆದು ಮುಂದೆ ಹೋಗುತ್ತಿತ್ತು. ಸಣ್ಣ ಕಿರಿಕಿರಿಗಳನ್ನು ತಾಳಿಕೊಳ್ಳಲು ಮೂವತ್ತು ಸೆಕೆಂಡು ಸಾಕು, ಆದ್ದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯಲೇ ಇಲ್ಲ.

ವಿಫಲವಾಗಿ ಮರಳಿದ್ದನ್ನು ಸ್ಥಳೀಯ ಡಿಸ್ಕ್‌ನಲ್ಲಿ ಬರೆದಿಟ್ಟು, ಬಾಗಿಲು ತೆರೆದಾಗ ಮತ್ತೆ ಕಳುಹಿಸುವ ಸ್ಪೂಲ್ ಕಟ್ಟಿದೆವು. ಕಟ್ಟಿದ ಮೇಲೆ ಬಂತು ಎರಡನೆಯ ಲೆಕ್ಕ. ಒಂದು ಶಾರ್ಡ್‌ಗೆ ಸೆಕೆಂಡಿಗೆ 1 ಎಂಬಿ ಅಥವಾ 1,000 ದಾಖಲೆ, ಅದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಸಾಧಾರಣ ದಿನ 0.6 ಎಂಬಿ ಬರುತ್ತಿದ್ದರೆ ಮಿಗುವುದು 0.4. ಹದಿನೇಳು ಗಂಟೆಯ ಬಾಕಿಯನ್ನು ಈ 0.4ರಲ್ಲೇ ತೀರಿಸಬೇಕು, ಏಕೆಂದರೆ ಹೊಸದು ಬರುವುದು ನಿಲ್ಲುವುದಿಲ್ಲ. 17ನ್ನು 0.6ರಿಂದ ಗುಣಿಸಿ 0.4ರಿಂದ ಭಾಗಿಸಿ: ಇಪ್ಪತ್ತೈದೂವರೆ ಗಂಟೆ. ದುಡ್ಡು ಉಳಿಸಲೆಂದು ಶಾರ್ಡ್‌ಗಳನ್ನು ಬಿಗಿಹಿಡಿದು 0.8ರಲ್ಲಿ ಓಡಿಸುತ್ತಿದ್ದರೆ 68 ಗಂಟೆ, ಮೂರು ದಿನಕ್ಕೆ ಹತ್ತಿರ. 0.3ರಲ್ಲಿ ಓಡಿಸುತ್ತಿದ್ದರೆ ಏಳೂಕಾಲು ಗಂಟೆ. ಮಿಗುತಾಯ ಎನ್ನುವುದು ವ್ಯರ್ಥವಲ್ಲ, ಅದು ಏಳುವ ವೇಗ ಎಂದು ಲೆಕ್ಕಪತ್ರ ವಿಭಾಗದವರಿಗೆ ಮನವರಿಕೆ ಮಾಡಿಕೊಡಲು ಈ ಮೂರು ಅಂಕಿಗಳು ಸಾಕಾದವು. ಶಾರ್ಡ್ ಹೆಚ್ಚಿಸಿಕೊಂಡರಾಯಿತು ಎನ್ನುವವರಿಗೆ: ಸೇವೆಯೇ ಏಳಲು ಒದ್ದಾಡುತ್ತಿರುವಾಗ ಶಾರ್ಡ್ ಹೆಚ್ಚಿಸುವ ಕೋರಿಕೆ ಕೂಡಲೇ ಈಡೇರುತ್ತದೆಂಬ ಭರವಸೆಯಲ್ಲಿ ಯೋಜನೆ ಹಾಕಬೇಡಿ.

ಓದುವ ಕಡೆಗೆ ಬೇರೆಯೇ ಗಡಿಯಾರವಿದೆ. ಕಿನೀಸಿಸ್ ದಾಖಲೆಯನ್ನು ಇಟ್ಟುಕೊಳ್ಳುವುದು, ನೀವು ಏನೂ ಹೇಳದಿದ್ದರೆ, 24 ಗಂಟೆ. ಓದದೇ ಉಳಿದ ಮೊದಲ ದಾಖಲೆ ಬೆಳಗ್ಗೆ 5:15ರದ್ದು ಎಂದುಕೊಂಡರೆ ಮರುದಿನ 5:15ಕ್ಕೆ ಅದು ಅಳಿಯುತ್ತದೆ. ಬಾಗಿಲು ಸರಿಯಾದದ್ದು ರಾತ್ರಿ 10:23ಕ್ಕೆ. ಕೈಯಲ್ಲಿ ಉಳಿದದ್ದು ಏಳು ಗಂಟೆಗೆ ಎಂಟು ನಿಮಿಷ ಕಡಿಮೆ. ಅದೂ ಹಿಂದಿನ ರಾತ್ರಿ ಎಲ್ಲ ಸರಿಯಾಗಿ ಓದಿ ಮುಗಿಸಿದ್ದವರಿಗೆ. ಏಳು ಗಂಟೆ ಹಿಂದೆ ಬಿದ್ದಿದ್ದವರಿಗೆ ಏನೂ ಉಳಿಯಲಿಲ್ಲ. ಅವಧಿಯನ್ನು ಏಳು ದಿನಕ್ಕೆ, ಬೇಕೆಂದರೆ 365 ದಿನಕ್ಕೆ ಏರಿಸಬಹುದು, ದುಡ್ಡು ಆಗುತ್ತದೆ. ಶುಕ್ರವಾರ ಸಂಜೆ ಕೆಟ್ಟದ್ದು ಸೋಮವಾರ ಬೆಳಗ್ಗೆ ಕಣ್ಣಿಗೆ ಬೀಳುವ ತಂಡಗಳಿಗೆ 24 ಗಂಟೆ ಸಾಲದು ಎಂದಷ್ಟೇ ಹೇಳುತ್ತೇನೆ. ನಾವು ಏಳು ದಿನ ಇಟ್ಟೆವು.

ಬಾಕಿ ಬಂದು ಸುರಿದಾಗ ಆಗುವ ಮೋಸಗಳು ಇನ್ನೂ ಸೂಕ್ಷ್ಮ. ಕಳುಹಿಸಿದವನಿಗೆ ಉತ್ತರ ಬರಲಿಲ್ಲವೆಂದರೆ ದಾಖಲೆ ತಲುಪಿಲ್ಲ ಎಂದರ್ಥವಲ್ಲ, ಉತ್ತರ ದಾರಿಯಲ್ಲಿ ಕಳೆದಿರಬಹುದು. ಮತ್ತೆ ಕಳುಹಿಸಿದರೆ ಎರಡು ಪ್ರತಿ, ಎರಡಕ್ಕೂ ಬೇರೆ ಬೇರೆ ಕ್ರಮಸಂಖ್ಯೆ. ಕಿನೀಸಿಸ್ ಕೊಟ್ಟ ಸಂಖ್ಯೆ ನೋಡಿ ಇವು ಒಂದೇ ಎಂದು ಹೇಳಲಾಗದು. ಹಾಗಾಗಿ ದಾಖಲೆ ಹುಟ್ಟಿದ ಕಡೆಯೇ ಅದಕ್ಕೊಂದು ಗುರುತುಸಂಖ್ಯೆ ಅಂಟಿಸಿ, ಕೊನೆಯ ಟೇಬಲ್‌ನಲ್ಲಿ ಆ ಗುರುತಿನ ಮೇಲೇ ಬರೆಯುತ್ತೇವೆ; ಹತ್ತು ಸಲ ಬಂದರೂ ಒಂದೇ ಸಾಲು. ನಿನ್ನೆಯ ‘ಪಾವತಿ ಬಾಕಿ’ ಇಂದಿನ ‘ಪಾವತಿ ಆಯಿತು’ ಎಂಬುದನ್ನು ಅಳಿಸದಂತೆ, ಘಟನೆ ನಡೆದ ಸಮಯವನ್ನೂ ಹೋಲಿಸಿ ನೋಡುತ್ತೇವೆ. ಹರಿಯುವ ದತ್ತಾಂಶವನ್ನು ಲೆಕ್ಕ ಹಾಕುವ ಫ್ಲಿಂಕ್ ಎಂಬ ತಂತ್ರಾಂಶದಲ್ಲಿ ಗಂಟೆಗಂಟೆಯ ಮೊತ್ತ ತೆಗೆಯುವವರಿಗೆ ಇನ್ನೊಂದು ಹೊಂಡವಿದೆ: ಮುಚ್ಚಿದ ಗಂಟೆಗೆ ತಡವಾಗಿ ಬಂದ ದಾಖಲೆಗೆ ಅದು ಕೊಡುವ ವಿನಾಯಿತಿ, ನೀವು ಕೇಳದ ಹೊರತು, ಸೊನ್ನೆ. ದಾಖಲೆ ಮನೆಗೆ ಬಂದೂ ಬಾಗಿಲಲ್ಲೇ ಬಿದ್ದು ಹೋಗುತ್ತದೆ, ಸದ್ದಿಲ್ಲದೆ.

ಎಲ್ಲಿಯವರೆಗೆ ಓದಿದ್ದೇವೆ ಎಂದು ಗುರುತು ಹಾಕಿಕೊಳ್ಳುವ ಚೆಕ್‌ಪಾಯಿಂಟ್‌ನ ಜಾಗವೂ ಮುಖ್ಯ. ಗುರುತು ಹಾಕಿ ನಂತರ ಟೇಬಲ್‌ಗೆ ಬರೆದರೆ, ನಡುವೆ ಸತ್ತಾಗ ದಾಖಲೆ ಕಳೆಯುತ್ತದೆ. ಬರೆದು ನಂತರ ಗುರುತು ಹಾಕಿದರೆ ಎರಡು ಸಲ ಬರುತ್ತದೆ. ಎರಡು ಸಲ ಬಂದದ್ದನ್ನು ತಡೆಯುವ ವ್ಯವಸ್ಥೆ ಆಗಲೇ ಇದ್ದುದರಿಂದ ನಮಗೆ ಆಯ್ಕೆ ಸುಲಭವಾಯಿತು. ಓದುವ ಕಡೆಯ ಕಿನೀಸಿಸ್ ಕ್ಲೈಂಟ್ ಲೈಬ್ರರಿ ಈ ಗುರುತುಗಳನ್ನು ಡೈನಮೊಡಿಬಿಯ ಒಂದು ಟೇಬಲ್‌ನಲ್ಲಿ ಇಡುತ್ತದೆ. ಯಾರೋ ಸ್ವಚ್ಛತೆಯ ಉತ್ಸಾಹದಲ್ಲಿ ಆ ಟೇಬಲ್ ಅಳಿಸಿದರೆ ಲೈಬ್ರರಿ ದೋಷವನ್ನೇನೂ ಕೊಡುವುದಿಲ್ಲ. ಬದಲಿಸದಿದ್ದರೆ ‘ಲೇಟೆಸ್ಟ್’ ಎಂಬ ಜಾಗದಿಂದ, ಅಂದರೆ ಈಗ ಬರುತ್ತಿರುವುದರಿಂದ ಮಾತ್ರ ಓದಲು ಶುರುಮಾಡುತ್ತದೆ. ಹಿಂದಿನ ಬಾಕಿ ಅನಾಥ. ‘ಟ್ರಿಮ್ ಹೊರೈಜನ್’ ಎಂದು ಬದಲಿಸಿದರೆ ಇರುವುದರಲ್ಲಿ ಅತಿ ಹಳೆಯದರಿಂದ ಶುರು.

ಇನ್ನು ನಾವೇ ನಿಲ್ಲಿಸುವ ನಿಲುಗಡೆ. ಹೊಸ ಆವೃತ್ತಿ ಹಾಕುವಾಗಲೆಲ್ಲ ಹಳೆಯ ಪ್ರಕ್ರಿಯೆ ಸಾಯಲೇಬೇಕು. ಆಪತ್ತು ವರ್ಷಕ್ಕೊಮ್ಮೆ ಬಂದರೆ ಇದು ವಾರಕ್ಕೆ ಮೂರು ಸಲ. ಪ್ರಕ್ರಿಯೆಗಳನ್ನು ಓಡಿಸಿ ನಿಲ್ಲಿಸುವ ಕುಬರ್ನೆಟೀಸ್ ಎಂಬ ತಂತ್ರಾಂಶ ಮೊದಲು ಸಿಗ್‌ಟರ್ಮ್ ಎಂಬ ಸಂಕೇತ ಕಳುಹಿಸಿ, ಕೈಯಲ್ಲಿರುವ ಕೆಲಸ ಮುಗಿಸಿಕೋ ಎಂದು ಹೇಳುತ್ತದೆ. 30 ಸೆಕೆಂಡು ಕಾಯುತ್ತದೆ, ಆಮೇಲೆ ಕತ್ತು ಹಿಸುಕುತ್ತದೆ. ನಮ್ಮ ಪ್ರಕ್ರಿಯೆಗಳು ಪ್ರತಿ ಸಲವೂ ಸರಿಯಾಗಿ ಮೂವತ್ತು ಸೆಕೆಂಡು ತೆಗೆದುಕೊಂಡೇ ಸಾಯುತ್ತಿದ್ದವು. ಬಫರ್ ಖಾಲಿ ಮಾಡುತ್ತಿರಬೇಕು, ಎಷ್ಟು ಶಿಸ್ತು ಎಂದು ಅಂದುಕೊಂಡಿದ್ದೆವು. ನೋಡಿದರೆ ಏನನ್ನೂ ಮಾಡುತ್ತಿರಲಿಲ್ಲ. ಪ್ರಕ್ರಿಯೆಯನ್ನು ಇಟ್ಟ ಡಬ್ಬಿ, ಎಂದರೆ ಕಂಟೇನರ್, ಶುರುವಾಗುತ್ತಿದ್ದುದು ಶೆಲ್ ಸ್ಕ್ರಿಪ್ಟ್ ಎಂಬ ಆಜ್ಞೆಗಳ ಒಂದು ಪಟ್ಟಿಯಿಂದ, ಅದು ಜಾವಾ ಪ್ರಕ್ರಿಯೆಯನ್ನು ಮಗುವಾಗಿ ಹುಟ್ಟಿಸುತ್ತಿತ್ತು. ಸಂಕೇತ ಬರುತ್ತಿದ್ದುದು ಸ್ಕ್ರಿಪ್ಟ್‌ಗೆ. ಅದು ಮಗುವಿಗೆ ಹೇಳುತ್ತಿರಲಿಲ್ಲ. ನಾವು ಬಹಳ ಮುತುವರ್ಜಿಯಿಂದ ಬರೆದ ಸಮಾಪ್ತಿಯ ಕೋಡ್ ಒಂದು ಸಲವೂ ಓಡಿರಲಿಲ್ಲ. ಸ್ಕ್ರಿಪ್ಟ್‌ನ ಕೊನೆಯ ಸಾಲಿನ ಆರಂಭಕ್ಕೆ ‘ಎಕ್ಸೆಕ್’ ಎಂಬ ಒಂದು ಪದ ಸೇರಿಸಿದೆವು. ಸ್ಕ್ರಿಪ್ಟ್‌ನ ಜಾಗದಲ್ಲಿ ಜಾವಾವೇ ಬಂದು ಕೂತಿತು, ಸಂಕೇತ ನೇರ ಕಿವಿಗೆ ಬಿತ್ತು. ಅಂದಿನಿಂದ ಬಫರ್ ಬರಿದು ಮಾಡಿ, ಗುರುತು ಹಾಕಿ, ತಾನಾಗಿ ಸಾಯುತ್ತದೆ, ಮೂವತ್ತು ಸೆಕೆಂಡು ಪೂರ್ತಿ ಬೇಕಾಗುವುದೇ ಇಲ್ಲ.

ಆಮೇಲೆ

ಅಮೆಜಾನ್ ತನ್ನ ವರದಿಯಲ್ಲಿ ಹೇಳಿದ ದುರಸ್ತಿಗಳಲ್ಲಿ ಕೆಲವು ಏಳುವ ಬಗೆಯ ಮೇಲೂ ಇವೆ. ಸಣ್ಣ ಸರ್ವರ್‌ಗಳ ಬದಲು ಹೆಚ್ಚು ಸಿಪಿಯು, ಮೆಮೊರಿಯ ದೊಡ್ಡ ಸರ್ವರ್‌ಗಳು: ಸಂಖ್ಯೆ ಕಡಿಮೆಯಾದರೆ ಥ್ರೆಡ್‌ಗಳೂ ಕಡಿಮೆ. ಥ್ರೆಡ್‌ಗಳ ಬಳಕೆಗೆ ಸೂಕ್ಷ್ಮವಾದ ಅಲಾರಾಂ. ನಕ್ಷೆಯನ್ನು ನೆನಪಿನಲ್ಲಿಡುವ ಕೆಲಸಕ್ಕೆ ಪ್ರತ್ಯೇಕ ಸರ್ವರ್‌ಗಳ ಪಡೆ, ಎಂದರೆ ಏಳುವಾಗ ಎರಡು ಕೆಲಸಗಳು ಒಂದೇ ಹೊಟ್ಟೆಗೆ ಜಗಳವಾಡುವುದಿಲ್ಲ. ಕ್ಲೌಡ್‌ವಾಚ್‌ನಂತಹ ದೊಡ್ಡ ಬಳಕೆದಾರರಿಗೆ ಬೇರೆ ಬಾಗಿಲು. ಉಗ್ರಾಣದಂತೆ ಮುಂಬಾಗಿಲನ್ನೂ ಗುಂಪುಗಳಾಗಿ ಒಡೆಯುವ ಕೆಲಸಕ್ಕೆ ವೇಗ. ಕ್ಲೌಡ್‌ವಾಚ್ ತನ್ನ ಬಳಿಯೇ ಮೂರು ಗಂಟೆಯ ಅಂಕಿಅಂಶ ಇಟ್ಟುಕೊಳ್ಳುವಂತೆ ಬದಲಾವಣೆ. ಫಲಕಕ್ಕೆ ಬರೆಯುವ ಬದಲಿ ಉಪಕರಣವನ್ನು ಬಳಸುವುದಕ್ಕೆ ಸಿಬ್ಬಂದಿಗೆ ತರಬೇತಿ.

ನಮ್ಮಲ್ಲಿ ಈಗ ತಿಂಗಳಿಗೊಮ್ಮೆ, ಕಚೇರಿಯ ವೇಳೆಯಲ್ಲೇ, ಎಲ್ಲರೂ ಕಾಫಿ ಕುಡಿದು ಬಂದ ಮೇಲೆ, ಪರೀಕ್ಷೆಯ ಪೈಪ್‌ಲೈನ್‌ನ ಬಾಗಿಲನ್ನು ಬೇಕೆಂದೇ ಮುಚ್ಚುತ್ತೇವೆ. ಒಂದೆರಡು ಗಂಟೆ ಬಿಟ್ಟು ತೆರೆದು, ಬಾಕಿ ಎಷ್ಟು ಹೊತ್ತಿಗೆ ತೀರಿತು, ಕೊನೆಯ ಟೇಬಲ್‌ನಲ್ಲಿ ಸಾಲುಗಳು ಹೊಂದುತ್ತವೆಯೇ ಎಂದು ಎಣಿಸುತ್ತೇವೆ. ಅಂಥ ಒಂದು ದಿನ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಸ್ಪೂಲ್‌ನ ಡಿಸ್ಕ್ ತುಂಬುತ್ತಿರುವುದನ್ನು ನೋಡುತ್ತ ಕುಳಿತಿದ್ದವಳು ಕೇಳಿದಳು: ‘ಸರ್, ಇದು ಪೂರ್ತಿ ತುಂಬಿದರೆ?’

ಕಾಗ್ನಿಟೊದ ಬಫರ್, ಲ್ಯಾಂಬ್ಡಾದ ಮೆಮೊರಿ ಎಲ್ಲವನ್ನೂ ಓದಿಸಿ, ಓದಿ, ನಾವೂ ಒಂದು ಮೂಗುತಿ ಮಾಡಿಸಿಕೊಂಡಿದ್ದೆವು. ಡಿಸ್ಕ್ ತುಂಬಿದರೆ ಬರುವುದನ್ನು ಬಿಡಬೇಕೋ, ಕಳುಹಿಸುವವರನ್ನು ತಡೆದು ನಿಲ್ಲಿಸಬೇಕೋ ಎಂದು ಯಾರೂ ನಿರ್ಧರಿಸಿರಲಿಲ್ಲ. ಅದನ್ನು ಎಂಜಿನಿಯರುಗಳು ನಿರ್ಧರಿಸುವಂತೆಯೂ ಇರಲಿಲ್ಲ. ಆ ಮಧ್ಯಾಹ್ನವೇ ವ್ಯಾಪಾರ ನೋಡಿಕೊಳ್ಳುವವರನ್ನೂ ಲೆಕ್ಕಪತ್ರದವರನ್ನೂ ಕೂರಿಸಿಕೊಂಡು ಕೇಳಿದೆವು. ಕ್ಲಿಕ್‌ಗಳಾದರೆ ಹಳೆಯದನ್ನು ಎಸೆಯಿರಿ, ಅಂಗಡಿ ನಡೆಯಲಿ ಎಂದರು. ಆರ್ಡರ್‌ಗಳಾದರೆ? ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಲೆಕ್ಕಪತ್ರದ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬರೆದಿಡಲಾಗದ ಆರ್ಡರ್ ತೆಗೆದುಕೊಳ್ಳುವುದು ಬೇಡ, ಅಂಗಡಿ ಮುಚ್ಚಿ ಎಂದರು. ಅದನ್ನು ಹಾಗೆಯೇ ಕೋಡ್‌ಗೆ ಬರೆದೆವು. ಡಿಸ್ಕ್ ಶೇಕಡಾ 70 ತುಂಬಿದಾಗ ಮೊದಲ ಕರೆ ಈಗ ಅವರ ಮೊಬೈಲ್‌ಗೇ ಹೋಗುತ್ತದೆ.